ಆಪ್ತಸಮಾಲೋಚನೆಗೂ ಮೊದಲು ಬೈಗುಳ ನಿಲ್ಲಲಿ

ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಬೆಳಗಿನ ಏಳು ಗಂಟೆಯ ಮೊದಲೇ ಊಟದ ಬ್ಯಾಗ್ ಹಿಡಿದು ರಸ್ತೆಗೆ ಬಂದು ನಿಲ್ಲುವ ಹೆಂಗಸರಲ್ಲಿ ಹೆಚ್ಚಿನವರು ಗಾರ್ಮೆಂಟ್ಸಿನವರು. ಗೆಜ್ಜಲಗೆರೆ, ಸೋಮನಹಳ್ಳಿ ಕಡೆಯ ಕಾರ್ಖಾನೆಗಳಿಗೆ ಹೋಗುವ ವ್ಯಾನು ತಪ್ಪಿದರೆ ಅರ್ಧ ದಿನದ ಸಂಬಳ ಹೋಯಿತು. ಅದೇ ಹೊತ್ತಿಗೆ ಮಂಡ್ಯ, ಮದ್ದೂರು ರೈಲು ನಿಲ್ದಾಣಗಳಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗುವವರ ಸಾಲು. ಡಿಪೋದಲ್ಲಿ ಕಂಡಕ್ಟರು ಟಿಕೆಟ್ ಯಂತ್ರ ತೆಗೆದುಕೊಳ್ಳುತ್ತಿರುತ್ತಾರೆ, ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಉರಿ ಹತ್ತಿರುತ್ತದೆ. ಇವರೆಲ್ಲರ ಮನಸ್ಸಿನ ಸ್ಥಿತಿಯ ಬಗ್ಗೆ ಮಾತಾಡುವಾಗ ಬೆಂಗಳೂರಿನ ಗಾಜಿನ ಕಟ್ಟಡಗಳಿಗೆಂದು ಬರೆದ ಸಲಹೆಗಳನ್ನು ಇಲ್ಲಿಗೆ ತಂದು ಅಂಟಿಸಿದರೆ ಪ್ರಯೋಜನವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಖಿನ್ನತೆ ಮತ್ತು ಆತಂಕದಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂಬ ಅಂದಾಜು ಆಗ ಸುದ್ದಿಯಾಯಿತು. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು ಆ ಮಾರ್ಗಸೂಚಿ ಹೇಳುವ ಕ್ರಮ. ಕೆಲಸ ನಡೆಯುವ ರೀತಿಯನ್ನೇ ಸರಿಪಡಿಸುವುದು ಅದರಲ್ಲಿ ಮೊದಲು ಬರುತ್ತದೆ. ಮೇಲ್ವಿಚಾರಕರ ತರಬೇತಿ ಆಮೇಲಿನದು, ಒಬ್ಬೊಬ್ಬ ಕೆಲಸಗಾರರಿಗೆ ಒತ್ತಡ ನಿಭಾಯಿಸಲು ಕಲಿಸುವುದು ಅದಕ್ಕೂ ಆಮೇಲಿನದು. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಬ್ಯಾನರ್ ಕಟ್ಟಿ, ಅರ್ಧ ಗಂಟೆ ಪ್ರಾಣಾಯಾಮ ಮಾಡಿಸಿ, ಬಿಸ್ಕತ್ತು ಹಂಚಿ ಕಳಿಸುತ್ತಾರೆ. 11ನೇ ತಾರೀಕು ಲೈನಿನಲ್ಲಿ ಅದೇ ಕೂಗಾಟ.

ಲೈನಿನಲ್ಲಿ ಏನು ಬದಲಾಗಬೇಕು

ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಿಲ್ಲ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ಒಬ್ಬಳ ಮಷೀನಿನ ಮುಂದೆ ಪೀಸು ಗುಡ್ಡೆ ಬಿದ್ದರೆ ಮುಂದಿನವಳು ಕೈ ಖಾಲಿ ಕೂರಬೇಕು, ಆಗ ಇಡೀ ಲೈನಿನ ಕಣ್ಣು ಅವಳ ಮೇಲೆ. ಶೌಚಾಲಯಕ್ಕೆ ಎದ್ದರೆ ಗುಡ್ಡೆ ಬೆಳೆಯುತ್ತದೆ, ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಮೂತ್ರದ ಸೋಂಕು, ತಲೆನೋವು, ಸಿಡುಕು ಒಂದರ ಹಿಂದೆ ಒಂದು. ಸೂಪರ್‌ವೈಸರ್ ಬೈಯುತ್ತಾನೆ, ಏಕೆಂದರೆ ಅವನಿಗೆ ಫ್ಲೋರ್ ಇನ್‌ಚಾರ್ಜ್ ಬೈದಿರುತ್ತಾನೆ. ಅವನನ್ನು ಬೈಯಲು ಮೇಲೆ ಇನ್ನೊಬ್ಬ. ಈ ಸರಪಳಿಯ ಕೊನೆಯ ಕೊಂಡಿಗೆ ಮಾತ್ರ ಆಪ್ತಸಮಾಲೋಚನೆ ಕೊಡಿಸುವುದು ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟಂತೆ.

ಇದು ಬರೀ ಅನುಕಂಪದ ಮಾತಲ್ಲ, ಲೆಕ್ಕದ ಮಾತೂ ಹೌದು. ಅಚ್ಯುತ ಅಧ್ವರ್ಯು, ಅನಂತ್ ನೈಷಧಂ ಮತ್ತು ಅವರ ಜೊತೆಗಾರ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಹೊಲಿಗೆ ವಿಭಾಗದ ಸೆಕೆ ಇಳಿಯಿತು, ಬಿಸಿಲಿನ ದಿನಗಳಲ್ಲೂ ಉತ್ಪಾದನೆ ಕುಸಿಯುವುದು ತಗ್ಗಿತು. ಅವರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. ಸಂಬಳದ ಏರಿಕೆ ನಿರೀಕ್ಷಿಸಿದಷ್ಟು ಬರದೆ ಕಾರ್ಮಿಕರು ಬೇಸರಗೊಂಡಿದ್ದ ಹೊತ್ತಿನಲ್ಲಿ, ಕೆಲವರಿಗೆ ಹೆಸರು ಹೊರಬೀಳದಂತೆ ತಮ್ಮ ಕೆಲಸ, ಸಂಬಳ, ಮೇಲ್ವಿಚಾರಕರ ಬಗ್ಗೆ ಅನಿಸಿದ್ದನ್ನು ಹೇಳುವ ಅವಕಾಶ ಕೊಟ್ಟರು. ಸಂಬಳ ಒಂದು ಪೈಸೆ ಹೆಚ್ಚಲಿಲ್ಲ. ಆದರೂ ಹಾಗೆ ಹೇಳಿಕೊಂಡವರಲ್ಲಿ ಕೆಲಸ ಬಿಟ್ಟು ಹೋಗುವುದು, ಗೈರಾಗುವುದು ಕಡಿಮೆಯಾಯಿತು. ಸಂಬಳ ಏರಿಸದಿರಲು ಮಾಲೀಕರು ಇದನ್ನು ನೆಪ ಮಾಡಿಕೊಳ್ಳಬಾರದು, ಅದು ಬೇರೆ ಮಾತು. ಸಲಹಾ ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿರುವ ಕಾರ್ಖಾನೆಗಳವರು ಆ ಪೆಟ್ಟಿಗೆ ಕೊನೆಯ ಸಲ ತೆರೆದದ್ದು ಯಾವಾಗ ಎಂದು ಒಮ್ಮೆ ನೋಡಿಕೊಳ್ಳಲಿ.

ಹಾಗಾದರೆ ನಾಳೆ ಬೆಳಗ್ಗೆಯೇ ಮಾಡಬಹುದಾದದ್ದು ಏನು? ಎಲ್ಲರೆದುರು ಬೈಯುವುದನ್ನು ನಿಷೇಧಿಸಿ. ತಪ್ಪಿದ್ದರೆ ಪಕ್ಕಕ್ಕೆ ಕರೆದು, ಹೆಸರು ಹಿಡಿದು, ಆ ಪೀಸಿನ ತಪ್ಪನ್ನಷ್ಟೇ ಹೇಳಲಿ. ಅವಳ ಊರು, ಜಾತಿ, ಗಂಡ, ಮೈಕಟ್ಟು ಯಾವುದೂ ಆ ಮಾತಿನಲ್ಲಿ ಬರಕೂಡದು. ಶೌಚಾಲಯಕ್ಕೆ ಹೋಗಲು ಟೋಕನ್ ಕೇಳುವ ಪದ್ಧತಿ ಇದ್ದರೆ ತೆಗೆದುಹಾಕಿ, ಲೈನಿಗೊಬ್ಬರು ಬದಲಿ ಟೈಲರ್ ಇಟ್ಟುಕೊಳ್ಳಿ. ಓಟಿ ಇದೆಯೆಂದು ಸಂಜೆ ಐದಕ್ಕೆ ಹೇಳಬೇಡಿ, ಹಿಂದಿನ ದಿನವೇ ಹೇಳಿ. ಮನೆಯಲ್ಲಿ ಮಗುವನ್ನು ಸ್ಕೂಲಿನಿಂದ ಕರೆತರುವವರು ಯಾರು ಎಂಬ ಚಿಂತೆಯಲ್ಲಿ ಸೂಜಿ ಬೆರಳಿಗೆ ಚುಚ್ಚುತ್ತದೆ. ಇನ್ನು ಸೂಪರ್‌ವೈಸರ್ ಆಯ್ಕೆಯ ವಿಷಯ. ಚೆನ್ನಾಗಿ ಹೊಲಿಯುವವರನ್ನೇ ಸೂಪರ್‌ವೈಸರ್ ಮಾಡಿ, ಜನರ ಜೊತೆ ಹೇಗೆ ಮಾತಾಡಬೇಕೆಂದು ಒಂದು ದಿನವೂ ಕಲಿಸದೆ ಲೈನಿಗೆ ಬಿಟ್ಟರೆ ಅವರಿಗೆ ಗೊತ್ತಿರುವುದು ತಾವು ಬೈಸಿಕೊಂಡ ಭಾಷೆಯೊಂದೇ.

ದುಡ್ಡಿನ ಚಿಂತೆ ಗೇಟಿನ ಹೊರಗೆ ನಿಲ್ಲುವುದಿಲ್ಲ

ಈ ಸೀಮೆಯ ಮನೆಗಳಲ್ಲಿ ಕಬ್ಬಿನ ಬಿಲ್ಲು ಮತ್ತು ಗಾರ್ಮೆಂಟ್ಸ್ ಸಂಬಳ ಒಂದೇ ಒಲೆಗೆ ಸೇರುವ ಸೌದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಬಾಕಿಗಾಗಿ ನಡೆದ ಧರಣಿಗಳನ್ನು ಕಂಡ ಮಂಡ್ಯದವರಿಗೆ ಆ 14 ದಿನದ ಕಥೆ ಗೊತ್ತು. 1933ರಲ್ಲಿ ಹುಟ್ಟಿದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಆ ನಡುವಿನ ವರ್ಷಗಳಲ್ಲಿ ಕಾರ್ಖಾನೆ ನೌಕರರ ಮನೆಗಳಲ್ಲೂ ಕಬ್ಬು ಬೆಳೆಗಾರರ ಮನೆಗಳಲ್ಲೂ ನಿದ್ದೆಗೆಟ್ಟವರಿದ್ದರು. 2015ರಲ್ಲಿ ಈ ಜಿಲ್ಲೆಯ ರೈತರ ಆತ್ಮಹತ್ಯೆಗಳು ದೇಶದ ಸುದ್ದಿಯಾದವು. ಗಂಡನ ಕಬ್ಬಿನ ದುಡ್ಡು ಬಾರದೆ ಇದ್ದಾಗ ಹೆಂಡತಿ ಎಷ್ಟೇ ಬೈಸಿಕೊಂಡರೂ ಗಾರ್ಮೆಂಟ್ಸ್ ಬಿಡುವಂತಿಲ್ಲ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋತಿಂಗ್ ಕಂಪನಿಯ ಘಟಕ ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಬಹುಪಾಲು ಹೆಂಗಸರು, ಒಮ್ಮೆಲೇ ಕೆಲಸ ಕಳೆದುಕೊಂಡರು. ವಾರಗಟ್ಟಲೆ ಧರಣಿ ಕೂತರು. ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಒಪ್ಪಂದ ಆದದ್ದು 2021ರ ಫೆಬ್ರವರಿಯಲ್ಲಿ. ಎಂಟು ತಿಂಗಳು ಏನಾಗುತ್ತದೋ ತಿಳಿಯದೆ ಕಾಯುವುದು ಎಂಥ ಹಿಂಸೆ ಎಂಬುದನ್ನು ಯಾವ ಪ್ರಶ್ನಾವಳಿಯೂ ಅಳೆಯದು. ಕಾರ್ಖಾನೆ ಮುಚ್ಚುವ, ಶಿಫ್ಟ್ ಬದಲಿಸುವ, ಜನ ತೆಗೆಯುವ ಮಾತಿದ್ದರೆ ಗುಟ್ಟು ಮಾಡದೆ ಮೊದಲೇ ತಿಳಿಸುವುದೂ ಮಾನಸಿಕ ಆರೋಗ್ಯದ ಕೆಲಸವೇ.

ಸಾಲ ವಸೂಲಿಯ ಕಾಟವೂ ಇಂಥದ್ದೇ ಚಿಂತೆ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಕಡಿವಾಣ ಹಾಕಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಂಬಳದ ದಿನ ಗೇಟಿನ ಬಳಿ ವಸೂಲಿಗೆ ಬಂದು ನಿಲ್ಲುವವರನ್ನು ಆಡಳಿತ ವರ್ಗ ಬಿಡಬಾರದು. ಹಾಗೆ ಬಂದು ನಿಲ್ಲುವ ಹುಡುಗನೂ ಟಾರ್ಗೆಟ್ ಕೊಟ್ಟು ಕಳಿಸಿದ ಕೆಲಸಗಾರನೇ, ಅವನ ಕಚೇರಿಯಲ್ಲೂ ಇದೇ ರೋಗ ಇದೆ.

ಡಿಪೋ, ಕಚೇರಿ, ಆಲೆಮನೆ

2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಂಗಸರಿಗೆ ಓಡಾಟ ಸಲೀಸಾಯಿತು, ಅದು ಒಳ್ಳೆಯದೇ. ಬಸ್ಸಿನೊಳಗಿನ ನೂಕುನುಗ್ಗಲು, ಆಧಾರ್ ಕಾರ್ಡಿನ ಜಗಳ, ಸ್ಟಾಪ್ ಕೊಡಲಿಲ್ಲವೆಂಬ ಬೈಗುಳ ಮಾತ್ರ ಕಂಡಕ್ಟರು, ಡ್ರೈವರುಗಳ ಪಾಲಿಗೆ ಬಂತು. ರಾತ್ರಿ ತಂಗುವ ಡ್ಯೂಟಿಯವರಿಗೆ ಮಲಗಲು ಸರಿಯಾದ ಜಾಗ, ಹಲ್ಲೆಯಾದಾಗ ಡಿಪೋ ತಮ್ಮ ಪರ ನಿಲ್ಲುತ್ತದೆಂಬ ಭರವಸೆ, ಡಬಲ್ ಡ್ಯೂಟಿಗೆ ಮಿತಿ ಇಷ್ಟನ್ನಾದರೂ ಮೊದಲು ಕೊಡಬೇಕು.

ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರಕ್ಕಿಳಿದದ್ದು ಮುಖ್ಯವಾಗಿ ಮೊಬೈಲ್ ಆ್ಯಪ್‌ಗಳ ಹೊರೆಯ ವಿರುದ್ಧ. ಒಂದೊಂದು ಯೋಜನೆಗೂ ಒಂದೊಂದು ಆ್ಯಪ್, ರಾತ್ರಿ ಹತ್ತಕ್ಕೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಪ್ರಗತಿ ವರದಿ ಕೂಡಲೇ ಕಳಿಸಿ’. ತಹಶೀಲ್ದಾರರು, ಬಿಇಒಗಳು, ಬ್ಯಾಂಕ್ ಮ್ಯಾನೇಜರುಗಳು ಖರ್ಚಿಲ್ಲದೆ ಮಾಡಬಹುದಾದ ಒಂದು ಉಪಕಾರವಿದೆ: ಸಂಜೆ ಏಳರ ಮೇಲೆ ಗ್ರೂಪಿಗೆ ಆದೇಶ ಹಾಕಬೇಡಿ, ತುರ್ತಿದ್ದರೆ ಫೋನ್ ಮಾಡಿ. ಯಾರ ಗುರಿ ಮುಟ್ಟಿಲ್ಲವೋ ಅವರ ಹೆಸರನ್ನು ಕೆಂಪು ಬಣ್ಣದಲ್ಲಿ ಎಲ್ಲರಿಗೂ ಕಳಿಸುವ ಚಾಳಿಯನ್ನಂತೂ ಬಿಡಿ.

ಆಲೆಮನೆಗಳಲ್ಲಿ, ಕಬ್ಬು ಕಡಿಯುವ ತಂಡಗಳಲ್ಲಿ ಹೊರ ಜಿಲ್ಲೆ, ಹೊರ ರಾಜ್ಯದವರಿದ್ದಾರೆ. ಮುಂಗಡ ಪಡೆದು ಬಂದವರಿಗೆ ಬಿಟ್ಟುಹೋಗುವ ಸ್ವಾತಂತ್ರ್ಯ ಕಡಿಮೆ, ಭಾಷೆ ಬಾರದು, ಸಂಜೆಗೆ ಕುಡಿತ ಒಂದೇ ಬಿಡುವು. ವಾರಕ್ಕೊಂದು ಪೂರ್ತಿ ರಜೆ, ಮುಂಗಡದ ಲೆಕ್ಕ ಬರಹದಲ್ಲಿ, ಊರಿಗೆ ಮಾತಾಡಲು ಫೋನ್ ಚಾರ್ಜಿಗೆ ಒಂದು ಪ್ಲಗ್ಗು. ಮಾಲೀಕರು ಇಷ್ಟು ಕೊಟ್ಟರೂ ದೊಡ್ಡದು.

ಗುರುತಿಸುವುದು, ಕೇಳುವುದು

ನಮ್ಮ ಕಡೆ ಯಾರೂ ‘ನನಗೆ ಖಿನ್ನತೆ ಇದೆ’ ಎಂದು ಬಂದು ಹೇಳುವುದಿಲ್ಲ. ‘ನಿದ್ದೆ ಹತ್ತಲ್ಲ’, ‘ಎದೆ ಡವಡವ ಅಂತದೆ’, ‘ಗ್ಯಾಸ್ಟ್ರಿಕ್ಕು’, ‘ಕೈಕಾಲು ಸೋತು ಬತ್ತವೆ’, ‘ಏನೋ ಒಂಥರಾ’ ಎನ್ನುತ್ತಾರೆ. ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೋಣೆಯ ನರ್ಸ್‌ಗೆ ಇಲ್ಲಿ ದೊಡ್ಡ ಪಾತ್ರವಿದೆ. ತಲೆನೋವೆಂದು ಅದೇ ಹುಡುಗಿ ಮೂರನೇ ಸಲ ಮಾತ್ರೆಗೆ ಬಂದರೆ ಮಾತ್ರೆಯ ಜೊತೆ ಎರಡು ಪ್ರಶ್ನೆ ಕೇಳಬೇಕು: ರಾತ್ರಿ ಎಷ್ಟು ಹೊತ್ತು ಮಲಗುತ್ತೀಯವ್ವ? ಊಟ ಸೇರುತ್ತಾ? ಬೇಸರ, ನಿರಾಸಕ್ತಿ, ನಿದ್ದೆಗೇಡು, ಹಸಿವಿಲ್ಲದಿರುವುದು ಎರಡು ವಾರ ಬಿಡದೆ ಮುಂದುವರಿದು, ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ವೈದ್ಯರನ್ನು ಕಾಣುವ ಕಾಲ ಬಂದಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಕಂಡಿತ್ತು. ಅರವತ್ತು ಜನರ ಒಂದು ಲೈನಿಗೆ ಆರು ಜನ ಎಂದಿಟ್ಟುಕೊಳ್ಳಿ.

ಕೇಳುವುದು ಹೇಗೆ? ಊಟದ ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು, ಕಂಡದ್ದನ್ನೇ ಹೇಳಿ. ‘ಯಾಕಕ್ಕ, ಒಂದು ವಾರದಿಂದ ಡಬ್ಬಿ ಹಂಗೇ ವಾಪಸ್ ಹೋಯ್ತದೆ. ಮನೇಲಿ ಎಲ್ಲಾ ಸರಿಯಾಗದಾ?’ ಆಮೇಲೆ ಸುಮ್ಮನಿರಿ. ಅವಳು ಒಂದು ಮಾತು ಆಡುವಷ್ಟರಲ್ಲಿ ‘ಎಲ್ಲರ ಮನೆ ದೋಸೆಯೂ ತೂತೇ ಕಣಕ್ಕ’ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು. ‘ಗಟ್ಟಿ ಮನಸ್ಸು ಮಾಡು’ ಎಂಬುದೂ ಬೇಡ, ಗಟ್ಟಿ ಮನಸ್ಸಿರುವುದರಿಂದಲೇ ಅವಳು ಇಷ್ಟು ದಿನ ಒಬ್ಬಳೇ ತಡೆದುಕೊಂಡಿದ್ದಾಳೆ. ಗಂಡಸರಲ್ಲಿ ಇದು ಬೇರೆ ರೂಪದಲ್ಲಿ ಕಾಣಬಹುದು: ಸಣ್ಣದಕ್ಕೂ ಸಿಟ್ಟು, ಕುಡಿತ ಜಾಸ್ತಿ, ಗಾಡಿ ಜೋರಾಗಿ ಓಡಿಸುವುದು, ಸೋಮವಾರ ಗೈರು.

‘ಸಾಕಾಗಿದೆ’, ‘ನಾನಿಲ್ಲದಿದ್ರೆ ಮನೆಯವ್ರಿಗೆ ನೆಮ್ಮದಿ’ ಎಂಬ ಮಾತು ಕಿವಿಗೆ ಬಿದ್ದರೆ ನೇರವಾಗಿ ಕೇಳಿ: ‘ಸತ್ತೋಗ್ಬೇಕು ಅನ್ನಿಸ್ತಾ ಅದಾ?’ ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಇರುವ ಯೋಚನೆಯನ್ನು ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದು ಎಂದರೆ ಆ ದಿನ ಅವರನ್ನು ಒಬ್ಬರನ್ನೇ ಮನೆಗೆ ಕಳಿಸಬೇಡಿ. ಮನೆಯವರಿಗೆ ಫೋನ್ ಮಾಡಿ, ಹೊಲಕ್ಕೆ ತಂದಿಟ್ಟ ಔಷಧಿ ಇದ್ದರೆ ಬೀಗ ಹಾಕಿಸಿ ಅಥವಾ ಬೇರೆಡೆಗೆ ಸಾಗಿಸಿ. ಪೊಲೀಸ್ ಕೇಸ್ ಆದೀತೆಂದು ಆಸ್ಪತ್ರೆಗೆ ಹೋಗಲು ಹೆದರುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ. 108ಕ್ಕೆ ಕರೆ ಮಾಡಲು ಹಿಂದೆಮುಂದೆ ನೋಡಬೇಡಿ.

ಎಲ್ಲಿಗೆ ಹೋಗಬೇಕು

ಕೈಗೆ ಹತ್ತಿರದ್ದು ಫೋನು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಅಥವಾ 1800-891-4416. ದಿನದ 24 ಗಂಟೆ, ಉಚಿತ. ಕನ್ನಡದಲ್ಲಿ ಮಾತಾಡಬಹುದು, ಆಲೆಮನೆಗೆ ಬಂದ ಹಿಂದಿ ಮಾತಿನವರಿಗೂ ಅವರ ಭಾಷೆಯಲ್ಲಿ ಸಿಗುತ್ತದೆ. ಈ ನಂಬರನ್ನು ನೋಟಿಸ್ ಬೋರ್ಡಿಗಿಂತ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ, ಯಾರು ನೋಡುತ್ತಾರೋ ಎಂಬ ಅಳುಕಿಲ್ಲದೆ ಬರೆದುಕೊಳ್ಳುವ ಜಾಗ ಅದು.

ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮೇಲೆ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿದೆ. 2014ರಲ್ಲಿ ರಾಜ್ಯ ಆರಂಭಿಸಿದ ‘ಮನೋಚೈತನ್ಯ’ದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆಯಾಯಿತು. ಮದ್ದೂರು, ಮಳವಳ್ಳಿಯವರು ಹೊರಡುವ ಮುನ್ನ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಳ್ಳಿ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಅಲ್ಲಿಂದ ಕಳಿಸಿದರೆ ಮಾತ್ರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೆ ಸಾಕು, ಮೊದಲ ದಿನವೇ ನೂರು ಕಿಲೋಮೀಟರ್ ಓಡಬೇಕಿಲ್ಲ. ಮನೆಯವರು ಮುತ್ತತ್ತಿಗೆ ಹರಕೆ ಹೊತ್ತಿದ್ದರೆ ಜಗಳವಾಡಬೇಡಿ. ಹರಕೆ ತೀರಿಸಿ ಬರಲಿ, ಮಾತ್ರೆ ತಪ್ಪಿಸದಿರಲಿ.

ಇಲ್ಲಿ ಕಾರ್ಖಾನೆಗಳಿಗೆ ಒಂದು ಮಾತು. ಮಂಗಳವಾರ ಕೆಲಸದ ದಿನ. ಆಸ್ಪತ್ರೆಗೆ ಹೋದವಳ ಹಾಜರಾತಿ ಬೋನಸ್ ಕತ್ತರಿಸಿದರೆ ಮುಂದಿನ ತಿಂಗಳು ಅವಳು ಹೋಗುವುದಿಲ್ಲ, ಮಾತ್ರೆ ನಿಲ್ಲುತ್ತದೆ. ಆ ಅರ್ಧ ದಿನವನ್ನು ಬೋನಸ್ಸಿನ ಲೆಕ್ಕದಿಂದ ಹೊರಗಿಡಿ. ಒಂದು ದಿನದ ಯೋಗ ಶಿಬಿರಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ಎಲ್ಲಿದೆ

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ವಂತಿಗೆಯ ಷರತ್ತು ಪೂರೈಸಿದ್ದರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಇದು ಜ್ವರಕ್ಕೆ ಮಾತ್ರವಲ್ಲ, ಮನಸ್ಸಿನ ಕಾಯಿಲೆಗೂ ಅನ್ವಯ. ತೀವ್ರ ಮನೋರೋಗವಾದ ಸೈಕೋಸಿಸ್ ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷ ಕೆಲಸ ಮಾಡಿದವರಿಗೆ ಶೇ 80ರಷ್ಟು ವಿಸ್ತರಿತ ಭತ್ಯೆಯ ಅವಕಾಶವೂ ಇದೆ. ಎಷ್ಟೋ ಜನ ಇದು ತಿಳಿಯದೆ ಕೆಲಸವನ್ನೇ ಬಿಟ್ಟುಬಿಡುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನೂ ಕೊಟ್ಟಿದೆ. ಎಚ್‌ಆರ್ ವಿಭಾಗ ರಜೆಯ ಅರ್ಜಿಯನ್ನು ಲೈನ್ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು, ‘ನಿಮ್ಹಾನ್ಸ್ ಕೇಸು’ ಎಂದು ನಗುವುದು ತಮಾಷೆಯ ವಿಷಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸಂಕಟದ ಮೂಲ ಲೈಂಗಿಕ ಕಿರುಕುಳವಾಗಿದ್ದರೆ ಮಾತ್ರೆಗಿಂತ ಮೊದಲು ದೂರು. ಹತ್ತು ಅಥವಾ ಹೆಚ್ಚು ಜನರಿರುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಜನರಿರುವ ಅಂಗಡಿ, ಹೋಟೆಲು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು ಎಂಬುದು ನೆನಪಿರಲಿ.

ಮರಳಿ ಬಂದವರಿಗೆ

ವೈದ್ಯರ ಬಳಿ ಹೋದಾಗ ‘ನಿದ್ದೆ ಬರಲ್ಲ’ ಎಂದಷ್ಟೇ ಹೇಳಿ ಬರಬೇಡಿ. ‘ಕಟಿಂಗ್ ಮಷೀನಿನಲ್ಲಿ ಕೆಲಸ’, ‘ಬೆಳಗಿನ ಜಾವ ಬಸ್ ಓಡಿಸ್ತೀನಿ’, ‘ಕೊಪ್ಪರಿಗೆ ಹತ್ರ ನಿಲ್ತೀನಿ’ ಎಂದು ತಿಳಿಸಿ. ಕೆಲವು ಮಾತ್ರೆಗಳಿಗೆ ಮೊದಲ ವಾರಗಳಲ್ಲಿ ಮಂಪರು ಬರುತ್ತದೆ, ಹೊತ್ತು ಬದಲಿಸಿ ಕೊಡಬಹುದು ಅಥವಾ ಕೆಲವು ದಿನ ಬೇರೆ ಕೆಲಸ ಕೇಳಲು ಚೀಟಿ ಬರೆದುಕೊಡಬಹುದು. ಖಿನ್ನತೆಯ ಮಾತ್ರೆಯ ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನಕ್ಕೇ ‘ಏನೂ ಆಗ್ಲಿಲ್ಲ’ ಎಂದು ಬಿಡಬಾರದು, ವಾಸಿಯಾಯಿತೆಂದು ಒಮ್ಮೆಲೇ ನಿಲ್ಲಿಸಲೂಬಾರದು.

ರಜೆ ಮುಗಿಸಿ ಬಂದವರನ್ನು ಮೊದಲ ದಿನವೇ ಹಳೆಯ ಟಾರ್ಗೆಟ್‌ಗೆ ಕೂರಿಸಬೇಡಿ. ಎರಡು ವಾರ ಚೆಕಿಂಗ್ ಅಥವಾ ಪ್ಯಾಕಿಂಗಿಗೆ ಹಾಕಿ, ನಂತರ ಮಷೀನಿಗೆ ಕಳಿಸಿ. ಎಲ್ಲಿಗೆ ಹೋಗಿದ್ದೆ, ಏನಾಗಿತ್ತು ಎಂದು ಲೈನಿನವರು ಕೆದಕದಂತೆ ಸೂಪರ್‌ವೈಸರ್ ನೋಡಿಕೊಳ್ಳಲಿ. ಆ ಸೂಪರ್‌ವೈಸರನ ಬೈಗುಳವೇ ಅವಳ ಕಾಯಿಲೆಗೆ ಕಾರಣವಾಗಿದ್ದರೆ, ಲೈನ್ ಬದಲಿಸಬೇಕಾದದ್ದು ಅವನಿಗೆ, ಅವಳಿಗಲ್ಲ.